ಹಬೆ ಕೋಣೆಯ ಟ್ರಸ್ಟಿ

ಸಂಸ್ಥೆಯ ಪರಿಚಯ ಪುಸ್ತಕದ ನಾಲ್ಕನೆಯ ಪುಟದಲ್ಲಿ ಐದು ಜನ ಟ್ರಸ್ಟಿಗಳ ಫೋಟೋ ಇದೆ. ಪ್ರತಿ ಫೋಟೋದ ಪಕ್ಕದಲ್ಲಿ ಅವರವರ ಹಿನ್ನೆಲೆ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಅವರಿಗೆ ಹದಿನಾಲ್ಕು ಸಾಲು. ಸರ್ಜನ್ನರಿಗೆ ಹನ್ನೊಂದು. ಕಾಲೇಜಿನ ಪ್ರಾಂಶುಪಾಲೆಗೆ ಒಂಬತ್ತು. ಸಿಮೆಂಟ್ ವ್ಯಾಪಾರಿಗೆ ಏಳು, ಅದರಲ್ಲಿ ಮೂರು ಅವರ ತಂದೆಯ ಬಗ್ಗೆ. ಕೊನೆಯ ಫೋಟೋದ ಹೆಂಗಸಿಗೆ ಮಾತ್ರ ಎರಡೇ ಸಾಲು.

"ಹಿರಿಯ ಶುಶ್ರೂಷಕಿ. ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಮೂವತ್ತೊಂದು ವರ್ಷ ಸೇವೆ."

ಎರಡನೆಯ ಸಾಲು ಅಪ್ಪಟ ನಿಜ. ಮೊದಲನೆಯದು ಅಪ್ಪಟ ಸುಳ್ಳು.

ಸುಳ್ಳು ಹೇಳಬೇಕೆಂದು ಯಾರೂ ಹೇಳಿದ್ದಲ್ಲ. ನಾಲ್ಕು ವರ್ಷದ ಹಿಂದೆ ಫಾರಂ ತುಂಬಿದವಳು ಮಗಳು. ಶಾಲೆಯಲ್ಲಿ ಪಾಠ ಹೇಳುವವಳು, ಬರೆಯುವುದರಲ್ಲಿ ಪಳಗಿದ ಕೈ. ಹಿನ್ನೆಲೆ ಎಂಬ ಖಾನೆ ಬಂದಾಗ ಅಮ್ಮ, "ಹಬೆ ಕೋಣೆ ಕೆಲಸ ಅಂತ ಬರಿ" ಎಂದಿದ್ದಳು. ಮಗಳು ಪೆನ್ನಿನ ತುದಿ ಕಚ್ಚಿಕೊಂಡು ಯೋಚಿಸಿದಳು.

"ಹಾಗೆ ಬರೆದ್ರೆ ಯಾರಿಗೂ ಅರ್ಥ ಆಗಲ್ಲಮ್ಮ. ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಸೇವೆ ಅಂತ ಬರೀತೀನಿ. ಸುಳ್ಳೇನಲ್ವಲ್ಲ?"

ಸುಳ್ಳಲ್ಲ. ಕತ್ತರಿ, ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಹಬೆ ಕೋಣೆ ಇದ್ದದ್ದು ಆಪರೇಷನ್ ಥಿಯೇಟರಿನ ಗೋಡೆಯ ಆಚೆಗೇ. ಆದರೆ ಈ 'ಸೇವೆ' ಎಂಬ ಪದವಿದೆಯಲ್ಲ, ಅದು ಎಲ್ಲರ ಮೈಗೂ ಹಿಡಿಸುವ ಅಂಗಿ. ಮಂತ್ರಿಯದೂ ಸೇವೆ, ಜವಾನನದೂ ಸೇವೆ. ಯಾರು ಕುರ್ಚಿಯಲ್ಲಿ ಕೂತಿದ್ದರು, ಯಾರು ಆ ಕುರ್ಚಿ ಒರೆಸುತ್ತಿದ್ದರು ಎಂದು ಅದು ಬಾಯಿ ಬಿಡುವುದಿಲ್ಲ. ಮರುವರ್ಷ ಪುಸ್ತಕ ಮತ್ತೆ ಅಚ್ಚಾಗುವಾಗ ಆಫೀಸಿನ ಕಾರ್ಯದರ್ಶಿಗೆ, ಉಳಿದ ನಾಲ್ವರ ಹೆಸರಿನ ಕೆಳಗೆ ಹುದ್ದೆ ಇದೆ, ಇವರಿಗಿಲ್ಲ ಎಂದು ಸಂಕಟವಾಯಿತು. ಶಸ್ತ್ರಚಿಕಿತ್ಸಾ ವಿಭಾಗ, ಹೆಂಗಸು, ಸೇವೆ. ಮೂರನ್ನೂ ಕೂಡಿಸಿ 'ಹಿರಿಯ ಶುಶ್ರೂಷಕಿ' ಎಂದು ಸೇರಿಸಿಬಿಟ್ಟ. ಗೌರವದಿಂದಲೇ ಮಾಡಿದ, ಪಾಪ.

ಅಚ್ಚಾದ ಪುಸ್ತಕ ಕೈಗೆ ಬಂದ ದಿನ ಅವಳು ಆ ಸಾಲನ್ನು ಎರಡೆರಡು ಸಲ ಓದಿದಳು. ನಾಳೆ ಹೋಗಿ ಹೇಳುತ್ತೇನೆ ಎಂದುಕೊಂಡಳು. ಅಷ್ಟರಲ್ಲಿ ಮಗಳ ಅತ್ತೆ, ಅಂದರೆ ಬೀಗಿತ್ತಿ, ಫೋನ್ ಮಾಡಿ, "ಏನ್ರೀ ಸಿಸ್ಟರ್, ಇಷ್ಟು ದಿನ ಹೇಳಲೇ ಇಲ್ಲ" ಎಂದು ಮೊದಲ ಸಲ ಪ್ರೀತಿಯಿಂದ ಮಾತಾಡಿದಳು. ಮದುವೆಯಾದ ಆರು ವರ್ಷದಲ್ಲಿ ಬೀಗಿತ್ತಿ ಅವಳ ಮನೆಯ ನೀರು ಸಹ ಮುಟ್ಟಿರಲಿಲ್ಲ. ನಾಳೆ ಎಂಬುದು ನಾಡಿದ್ದಾಯಿತು, ನಾಡಿದ್ದು ಮೂರು ವರ್ಷವಾಯಿತು. ಬೀಗಿತ್ತಿ ವಾರಕ್ಕೊಮ್ಮೆ ಬಿ.ಪಿ. ಮಾತ್ರೆಯ ವಿಚಾರ ಕೇಳುತ್ತಿದ್ದಳು, ಇವಳು ವಾರಕ್ಕೊಮ್ಮೆ "ಡಾಕ್ಟರನ್ನೇ ಕೇಳಿಬಿಡಿ" ಎನ್ನುತ್ತಿದ್ದಳು. ಎಷ್ಟು ಜವಾಬ್ದಾರಿಯ ನರ್ಸ್ ಎಂದು ಬೀಗಿತ್ತಿಗೆ ಗೌರವ ಇನ್ನಷ್ಟು ಹೆಚ್ಚಿತು.

ಆಸ್ಪತ್ರೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಹಬೆಯಕ್ಕ ಎಂದು. ಹತ್ತೊಂಬತ್ತನೆಯ ವಯಸ್ಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ಎರಡು ವರ್ಷಕ್ಕೆ ಹಬೆ ಕೋಣೆಗೆ ಬಂದವಳು. ಕತ್ತರಿ, ಚಿಮುಟ, ದಾರ, ಬಟ್ಟೆ ಎಲ್ಲವನ್ನೂ ಎರಡು ಪದರದ ಬಟ್ಟೆಯಲ್ಲಿ ಸುತ್ತಿ ಕಟ್ಟು ಕಟ್ಟಬೇಕು. ಟೇಪ್ ಅಂಟಿಸಿ ಯಂತ್ರದೊಳಗೆ ಇಡಬೇಕು. ಹಬೆ ತಾಗಿದರೆ ಟೇಪಿನ ಮೇಲಿನ ಗೆರೆ ಕಪ್ಪಾಗುತ್ತದೆ. ಆಮೇಲೆ ಒಣಗಿಸಬೇಕು, ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಟ್ಟು ಆರಿಸಬೇಕು, ಕಿಂಡಿಯಿಂದ ಥಿಯೇಟರಿಗೆ ದಾಟಿಸಬೇಕು. ಕಿಂಡಿಯ ಆ ಕಡೆ ಡಾಕ್ಟರು, ನರ್ಸು, ದೀಪ, ಜೀವ, ಸಾವು. ಈ ಕಡೆ ತಲೆಗೆ ಬಟ್ಟೆ ಬಿಗಿದುಕೊಂಡು ಬೆವರುವ ಹಬೆಯಕ್ಕ. ಆ ಕಡೆಯವರು ನೋಡುತ್ತಿದ್ದದ್ದು ಕಟ್ಟನ್ನು ಮಾತ್ರ.

ಆರನೆಯ ವರ್ಷದಲ್ಲಿ ಒಂದು ದಿನ ಆ ಕಡೆಯಿಂದ ಬೇಗ ಬೇಗ ಎಂದು ಕೂಗು ಬಂತು. ಕಟ್ಟು ಇನ್ನೂ ಸ್ವಲ್ಪ ಹಸಿಯಾಗಿತ್ತು. ಟೇಪಿನ ಗೆರೆ ಕಪ್ಪಾಗಿತ್ತು, ಅಷ್ಟು ಸಾಕೆಂದು ದಾಟಿಸಿಬಿಟ್ಟಳು. ಹೊಟ್ಟೆ ಕೊಯ್ಸಿಕೊಂಡ ಹೆಂಗಸಿಗೆ ಮೂರನೆಯ ದಿನ ಜ್ವರ ಬಂತು, ಗಾಯ ಕೀವಾಯಿತು, ನಲವತ್ತು ದಿನ ವಾರ್ಡಿನಲ್ಲಿ ಮಲಗಿದಳು. ಮನೆಯಲ್ಲಿ ಮೊಲೆ ಬಿಡದ ಮಗು ಇತ್ತಂತೆ. ಯಾರೂ ಹಬೆ ಕೋಣೆಯ ಕಡೆ ಬೆರಳು ಮಾಡಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ದಿನಾ ಮಧ್ಯಾಹ್ನ ಆ ವಾರ್ಡಿನ ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡಲಾರದೆ ವಾಪಸು ಬರುತ್ತಿದ್ದಳು.

ಅಂದಿನಿಂದ ಅವಳಿಗೊಂದು ಅಭ್ಯಾಸ ಹತ್ತಿತು. ವರ್ಷಗಟ್ಟಲೆ ಸುಟ್ಟು ಸುಟ್ಟು ಅಂಗೈ ಜಡ್ಡುಗಟ್ಟಿತ್ತು, ಅದಕ್ಕೆ ಹಸಿ ಯಾವುದು ಒಣ ಯಾವುದು ತಿಳಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ಕಟ್ಟನ್ನೂ ಕೆನ್ನೆಗೆ ಒತ್ತಿ ನೋಡುವಳು. ಆರಿದ ಕಟ್ಟು ಮಾತ್ರ ಕೆನ್ನೆಗೆ ಬರಬೇಕು, ಕೆನ್ನೆ ಒಪ್ಪಿದರೆ ಮಾತ್ರ ಕಿಂಡಿಗೆ ಹೋಗಬೇಕು. ಅನುಮಾನ ಬಂದರೆ ಮತ್ತೆ ಬಿಚ್ಚಿ, ಒಣ ಬಟ್ಟೆಯಲ್ಲಿ ಕಟ್ಟಿ, ಮತ್ತೆ ಹಬೆಗೆ. ಯಾರು ಎಷ್ಟು ಕೂಗಿಕೊಂಡರೂ ಅಷ್ಟೇ.

ಅವಳನ್ನು ಟ್ರಸ್ಟಿ ಮಾಡಿದ್ದು ಸಂಸ್ಥೆ ಕಟ್ಟಿದ ಹಿರಿಯ ಡಾಕ್ಟರಮ್ಮ. ಪ್ರವಾಹ, ಭೂಕಂಪ ಆದಲ್ಲಿ ಶಿಬಿರಗಳಿಗೆ ಔಷಧಿ, ಕತ್ತರಿ-ದಾರ-ಬಟ್ಟೆ ಸುತ್ತಿದ ಹೆರಿಗೆ ಕಟ್ಟು, ಶುದ್ಧ ನೀರು ಕಳಿಸುವ ಸಂಸ್ಥೆ ಅದು. ಒಂದು ಶಿಬಿರದಲ್ಲಿ ಹಬೆಯಕ್ಕ ಹದಿನೆಂಟು ದಿನ ಸೀಮೆಎಣ್ಣೆ ಒಲೆಯ ಮುಂದೆ ಕೂತು ಕತ್ತರಿ ಕುದಿಸಿದ್ದನ್ನು ಡಾಕ್ಟರಮ್ಮ ಕಣ್ಣಾರೆ ಕಂಡಿದ್ದರು. "ಇಲ್ಲಿ ಮಾತಾಡೋರು ಬೇಕಾದಷ್ಟಿದ್ದಾರೆ. ತೊಳೆಯೋರೊಬ್ಬರು ಬೇಕು" ಎಂದು ಕೂರಿಸಿದರು. ಮರುವರ್ಷವೇ ಅವರು ತೀರಿಕೊಂಡರು. ಹಬೆಯಕ್ಕ ಯಾರೆಂದು ತಿಳಿದಿದ್ದ ಒಬ್ಬರೂ ಆಮೇಲೆ ಆ ಮೇಜಿನ ಸುತ್ತ ಉಳಿಯಲಿಲ್ಲ.

ಗುರುತು ಹಿಡಿಯಬಹುದಾದವರು ಒಬ್ಬರೇ, ಸರ್ಜನ್. ಡಾಕ್ಟರಮ್ಮನ ಜಾಗಕ್ಕೆ ಬಂದವರು. ಅದೇ ಆಸ್ಪತ್ರೆಯಲ್ಲಿ ಹದಿನೇಳು ವರ್ಷ, ಅದೇ ಕಿಂಡಿಯ ಆ ಕಡೆ ನಿಂತವರು. ಮೊದಲ ಸಭೆಯಲ್ಲಿ ಅವರ ದನಿ ಕೇಳಿಯೇ ಅವಳಿಗೆ ಗುರುತು ಹತ್ತಿತು. ಅವರು "ಯಾವ ವಾರ್ಡ್ ಸಿಸ್ಟರ್ ನೀವು?" ಎಂದರು. ಅವಳು ಕೆಮ್ಮಿದಳು. ಅಂದಿನಿಂದ ಅವರ ಎದುರು ಕೂರದೆ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದಳು. ಪಕ್ಕದಲ್ಲಿ ಕೂತವರ ಮುಖವನ್ನು ಯಾರೂ ದಿಟ್ಟಿಸಿ ನೋಡುವುದಿಲ್ಲ.

ಆ ದಿನದ ತುರ್ತು ಸಭೆ ಸೇರಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ನದಿ ಉಕ್ಕಿ ಎಂಟು ಹಳ್ಳಿಯ ಜನ ಶಿಬಿರ ಸೇರಿದ್ದರು. ರಸ್ತೆ ಹಿಂದಿನ ದಿನವಷ್ಟೇ ತೆರೆದಿತ್ತು, ಮತ್ತೆ ಯಾವಾಗ ಮುಚ್ಚುತ್ತದೋ ಗೊತ್ತಿರಲಿಲ್ಲ. ಲಾರಿ ನಾಲ್ಕಕ್ಕೆ ಹೊರಡಬೇಕು. ಮುನ್ನೂರು ಹೆರಿಗೆ ಕಟ್ಟು ಸಿದ್ಧವಾಗಿ ಗೋದಾಮಿನಲ್ಲಿದ್ದವು. ಯಾವಾಗಲೂ ಸಭೆಗೆ ಮೊದಲೇ ಗೋದಾಮಿನ ಹಿಂದಿನ ಹಬೆ ಯಂತ್ರದ ಕೋಣೆಗೆ ಹೋಗಿ, ಯಾರಿಗೂ ತಿಳಿಯದ ಹಾಗೆ ಕೆನ್ನೆಯ ಪರೀಕ್ಷೆ ಮುಗಿಸುತ್ತಿದ್ದ ಹಬೆಯಕ್ಕ ಈ ಸಲ ಎರಡು ದಿನ ಬೀಗರ ಮನೆಯಲ್ಲಿದ್ದಳು. ಬೀಗಿತ್ತಿ ತನ್ನ ನೆಂಟರಿಗೆಲ್ಲ ನರ್ಸ್ ಬೀಗಿತ್ತಿಯನ್ನು ತೋರಿಸಬೇಕಿತ್ತು. ಸುಳ್ಳಿಗೆ ಬಾಡಿಗೆ ಕಟ್ಟುವುದು ಹೀಗೆಯೇ.

ಫೋಟೋ ತೆಗೆಯಲೆಂದು ಮೇಜಿನ ಮೇಲೆ ಹತ್ತು ಕಟ್ಟುಗಳನ್ನು ತಂದಿಟ್ಟಿದ್ದರು. ಒಂದೊಂದೂ ಪ್ಲಾಸ್ಟಿಕ್ ಚೀಲದೊಳಗೆ ಚೊಕ್ಕವಾಗಿ ಕೂತಿತ್ತು.

"ಈ ಸಲ ಕಟ್ಟು ಕಟ್ಟೋ ಹುಡುಗಿಯರು ಬಹಳ ಮುತುವರ್ಜಿ ವಹಿಸಿದ್ದಾರೆ" ಎಂದರು ಸರ್ಜನ್. "ಧೂಳು ಕೂರಬಾರದು ಅಂತ ಯಂತ್ರದಿಂದ ತೆಗೆದ ಕೂಡಲೇ ಚೀಲಕ್ಕೆ ಹಾಕಿಬಿಟ್ಟಿದ್ದಾರೆ. ನಾನೇ ಹೇಳಿದ್ದು."

ತೆಗೆದ ಕೂಡಲೇ. ಹಬೆಯಕ್ಕ ಚೀಲಗಳ ಕಡೆ ನೋಡಿದಳು. ಬಿಸಿ ಕಟ್ಟು ಚೀಲದೊಳಗೆ ಬೆವರುತ್ತದೆ, ಆ ಬೆವರನ್ನು ಬಟ್ಟೆಯೇ ಕುಡಿಯುತ್ತದೆ. ಆಮೇಲೆ ಚೀಲ ನೋಡಿದರೆ ಒಣಗಿದ ಹಾಗೇ ಕಾಣುತ್ತದೆ. ಹತ್ತಿರದ ಕಟ್ಟೊಂದನ್ನು ಎಳೆದುಕೊಂಡಳು. ಬಟ್ಟೆಯ ಮೂಲೆಯಲ್ಲಿ ಲೋಟ ಇಟ್ಟು ಎತ್ತಿದ ಗುರುತಿನಂಥ ಒಂದು ಮಾಸಲು ಉಂಗುರವಿತ್ತು.

ರವಾನೆ ಪತ್ರ ಬಂತು. ವೈದ್ಯಕೀಯ ಪರಿಶೀಲನೆ ಎಂಬಲ್ಲಿ ಎರಡು ಸಹಿ ಬೇಕು. ಸರ್ಜನ್ ಹಾಕಿದರು, ಪಕ್ಕಕ್ಕೆ ಸರಿಸಿದರು. ಪೆನ್ನು ಹಬೆಯಕ್ಕನ ಕೈಗೆ ಬಂತು. ಸಹಿ ಹಾಕಿದರೆ ಮೂವತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ, ಸಂಜೆ ಮನೆಗೆ ಹೋಗಬಹುದು, ಬೀಗಿತ್ತಿಯ ಸಿಸ್ಟರ್ ಆಗಿಯೇ ಇರಬಹುದು. ಹಾಕದಿದ್ದರೆ ಯಾಕೆ ಎಂದು ಕೇಳುತ್ತಾರೆ, ಹೇಗೆ ಗೊತ್ತು ಎಂದು ಕೇಳುತ್ತಾರೆ.

"ಸಿಸ್ಟರ್, ಹೊತ್ತಾಗ್ತಾ ಇದೆ" ಎಂದರು ವ್ಯಾಪಾರಿ.

"ಇದು ಹಸಿ ಇದೆ ಅನ್ಸುತ್ತೆ" ಎಂದಳು. ದನಿ ಅವಳಿಗೇ ಸರಿಯಾಗಿ ಕೇಳಲಿಲ್ಲ.

"ಏನು?"

"ಕಟ್ಟು ಹಸಿಯಾಗಿದೆ. ಕಳಿಸೋದು ಬೇಡ."

ಸರ್ಜನ್ ನಕ್ಕರು. ಕೆಟ್ಟ ಮನುಷ್ಯನ ನಗೆಯಲ್ಲ, ಆತುರದಲ್ಲಿದ್ದವರ ನಗೆ. "ಸಿಸ್ಟರ್, ಟೇಪ್ ನೋಡಿ. ಗೆರೆ ಕಪ್ಪಾಗಿದೆ. ಇನ್ನೇನು ಬೇಕು?"

"ಗೆರೆ ಹಬೆ ತಾಗಿದೆ ಅಂತ ಹೇಳುತ್ತೆ. ಒಣಗಿದೆ ಅಂತ ಹೇಳಲ್ಲ."

"ಅಲ್ಲಿ ಹೆಂಗಸರು ಬರಿ ನೆಲದ ಮೇಲೆ ಹೆರ್ತಾ ಇದ್ದಾರೆ. ಇದು ಇಲ್ಲದಿದ್ರೆ ತುಕ್ಕು ಹಿಡಿದ ಕತ್ತರೀಲಿ ಹೊಕ್ಕುಳಬಳ್ಳಿ ಕೊಯ್ತಾರೆ. ರಸ್ತೆ ನಾಳೆ ಇರುತ್ತೋ ಇಲ್ವೋ. ಒಂದು ಅನುಮಾನಕ್ಕೆ ಮುನ್ನೂರು ಕಟ್ಟು ನಿಲ್ಲಿಸೋಕಾಗುತ್ತಾ?"

ಮಾತಿನಲ್ಲಿ ಸತ್ಯವಿತ್ತು, ಅದೇ ಕಷ್ಟ. ಪ್ರಾಂಶುಪಾಲೆ ಕನ್ನಡಕ ತೆಗೆದು ಒರೆಸತೊಡಗಿದರು. ಜಡ್ಜರು ಗಡಿಯಾರ ನೋಡಿದರು. "ಖಚಿತವಾಗಿ ಹೇಳಿ. ಹಸಿಯೋ, ಅಲ್ಲವೋ?"

ಅವಳು ಚೀಲ ಹರಿದಳು. ಅಂಗೈಯಲ್ಲಿ ಹಿಡಿದಳು, ಏನೂ ತಿಳಿಯಲಿಲ್ಲ. ತಿಳಿಯುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಪಕ್ಕದಲ್ಲಿ ಸರ್ಜನ್ ಅವಳನ್ನೇ ನೋಡುತ್ತಿದ್ದರು. ಮೂರು ವರ್ಷ ತಪ್ಪಿಸಿಕೊಂಡ ನೋಟ. ನಲವತ್ತು ದಿನ ವಾರ್ಡಿನಲ್ಲಿ ಮಲಗಿದ್ದವಳು ನೆನಪಾದಳು, ಅವಳ ಮುಖವಲ್ಲ, ಮಂಚದ ಕಾಲಿಗೆ ಕಟ್ಟಿದ್ದ ಚೀಟಿ. ಹಬೆಯಕ್ಕ ಕಣ್ಣು ಮುಚ್ಚಿ ಕಟ್ಟನ್ನು ಕೆನ್ನೆಗೆ ಒತ್ತಿಕೊಂಡಳು.

ತಣ್ಣಗೆ ಹತ್ತಿತು.

"ಹಸಿ" ಎಂದಳು. ಇನ್ನೊಂದು ತೆಗೆದುಕೊಂಡಳು. "ಇದೂ ಹಸಿ." ಮತ್ತೊಂದು. ಐದನೆಯದಕ್ಕೆ ಬರುವಷ್ಟರಲ್ಲಿ ಸರ್ಜನ್ ಕುರ್ಚಿ ಹಿಂದಕ್ಕೆ ಸರಿಸಿ ಅರ್ಧ ಎದ್ದಿದ್ದರು.

"ಕಿಂಡಿ" ಎಂದರು. "ಕಿಂಡಿ ಹತ್ರ ಗಂಟನ್ನ ಕೆನ್ನೆಗೆ ಇಟ್ಕೊಂಡು ನಿಲ್ತಿದ್ದೋಳು. ತಲೆಗೆ ಬಟ್ಟೆ ಕಟ್ಕೊಂಡು. ನಾವೆಲ್ಲ ಆ ಕಡೆಯಿಂದ ನೋಡಿ ನಗ್ತಾ ಇದ್ವಿ. ನೀವಾ ಅದು?"

ಹಬೆಯಕ್ಕ ಕಟ್ಟನ್ನು ಕೆನ್ನೆಯಿಂದ ಇಳಿಸಿದಳು.

"ನೀವು ನರ್ಸ್ ಅಲ್ಲ" ಎಂದರು ಸರ್ಜನ್.

ಇಷ್ಟು ವರ್ಷ ಹೆದರುತ್ತಿದ್ದದ್ದು ಈ ಮಾತಿಗೇ. ಬಂದಾಗ ಅದು ಎಣಿಸಿದಷ್ಟು ದೊಡ್ಡದಿರಲಿಲ್ಲ. ಇಲ್ಲ, ದೊಡ್ಡದೇ ಇತ್ತು, ಆದರೆ ಕೆನ್ನೆಯ ಮೇಲಿನ ತಣ್ಣನೆ ಅದಕ್ಕಿಂತ ದೊಡ್ಡದಿತ್ತು.

"ನರ್ಸ್ ಅಲ್ಲ ಸಾರ್" ಎಂದಳು. "ಅದಕ್ಕೇ ಗೊತ್ತು. ನರ್ಸ್ ಕೈಗೆ ಹೋಗೋವಾಗ ಅದು ಒಣಗಿರ್ತಿತ್ತು. ಹಸಿ ಇದ್ದದ್ದನ್ನೆಲ್ಲ ನಾನೇ ತಡೀತಿದ್ದೆ. ಒಂದು ಸಲ ತಡೀಲಿಲ್ಲ. ಅದು ಏನು ಮಾಡ್ತು ಅಂತ ನೋಡಿದೀನಿ. ಒಣ ಬಟ್ಟೆ ಹೊರಗಿನ ಕೊಳೆ ಒಳಗೆ ಬಿಡಲ್ಲ, ಹಸಿ ಬಟ್ಟೆ ತಾನೇ ಕರ್ಕೊಂಡು ಹೋಗುತ್ತೆ. ಶಿಬಿರದಲ್ಲಿ ಇದು ಮಣ್ಣಿನ ಮೇಲೆ ಕೂರೋದು."

ಸರ್ಜನ್ ಕಟ್ಟು ಕೈಗೆ ತೆಗೆದುಕೊಂಡು ಬಿಚ್ಚಿದರು. ಒಳಪದರಕ್ಕೆ ಬೆರಳು ತಾಗಿಸಿದರು. ಮುಖ ಬಿಳಿಚಿತು. ಹನ್ನೊಂದು ಸಾಲಿನ ಹಿನ್ನೆಲೆಯವರು ಇನ್ನೊಂದನ್ನೂ ಬಿಚ್ಚಿ ನೋಡಿದರು.

"ಹಾಗಾದರೆ ಲಾರಿ ಬರಿದೇ ಹೋಗಬೇಕೇ?" ಎಂದರು ಜಡ್ಜರು.

"ಶಿಬಿರದ ಸೂಲಗಿತ್ತಿ ಬರೆದ ಕಾಗದ ಓದಿದ್ರಾ ಸಾರ್? ಬಸುರಿಯರು ಎಪ್ಪತ್ತು ಜನ. ಈ ವಾರ ಹೆರೋರು ಹನ್ನೊಂದು. ಮುನ್ನೂರು ಅನ್ನೋದು ನಾವು ಹಾಕ್ಕೊಂಡ ಲೆಕ್ಕ, ಅವರು ಕೇಳಿದ್ದಲ್ಲ. ಎರಡು ಯಂತ್ರ ಇದೆ, ಒಂದೊಂದಕ್ಕೆ ಇಪ್ಪತ್ತು ಕಟ್ಟು. ಈಗಲೇ ಬಿಚ್ಚಿ ಒಣ ಬಟ್ಟೇಲಿ ಕಟ್ಟಿದ್ರೆ ನಾಲ್ಕೂವರೆಗೆ ಎಂಬತ್ತು ಆಗುತ್ತೆ. ಆರಿಸಿ, ಆಮೇಲೆ ಚೀಲ. ಉಳಿದದ್ದು ರಸ್ತೆ ಇದ್ರೆ ನಾಳೆ."

"ಮೇಡಂ" ಎಂದು ಶುರುಮಾಡಿದರು ವ್ಯಾಪಾರಿ. ಸಿಸ್ಟರ್ ಎಂಬ ಮಾತು ಅಷ್ಟು ಬೇಗ ಬಿದ್ದುಹೋಗಿತ್ತು. "ಅದು ಸರಿ. ಆದರೆ ಪುಸ್ತಕದಲ್ಲಿ ನರ್ಸ್ ಅಂತ ಇದೆ. ಅದನ್ನ ನೋಡಿ ಜನ ನಮ್ಮನ್ನ ನಂಬಿದ್ದಾರೆ. ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು. ರಾಜೀನಾಮೆ ಬರೆದುಕೊಡ್ತೀನಿ. ಈಗ ಕೈಗೆ ಕೆಲಸ ಇದೆ, ಸಂಜೆ ಬರೀತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಮೆಟ್ಟಿಲಿಳಿದಳು. ಅವಳ ಸಹಿಯಿಲ್ಲದ ಪತ್ರ ಮೇಜಿನ ಮೇಲೆಯೇ ಉಳಿಯಿತು.

ಆ ಮಧ್ಯಾಹ್ನ ಯಂತ್ರದ ಕೋಣೆಯಲ್ಲಿ ಯಾರಿಗೂ ಊಟವಿಲ್ಲ. ಕಟ್ಟು ಕಟ್ಟಿದ್ದ ಹುಡುಗಿಯರು ಅಳುತ್ತಲೇ ಬಿಚ್ಚಿದರು. "ನೀವು ಪ್ರೀತಿಯಿಂದಲೇ ಮಾಡಿದ್ದು ಕಣ್ರಮ್ಮ, ಅವಸರ ಮಾಡಿದ್ರಿ ಅಷ್ಟೇ" ಎಂದಳು ಹಬೆಯಕ್ಕ. ಒಂದೂವರೆಗೆ ಬಾಗಿಲಲ್ಲಿ ನೆರಳು ಬಿತ್ತು. ಸರ್ಜನ್ ಅಂಗಿಯ ತೋಳು ಮಡಿಸಿಕೊಂಡು ನಿಂತಿದ್ದರು. ಏನೂ ಕೇಳದೆ ಬಟ್ಟೆ ಮಡಿಸಲು ಕೂತರು. ಮಡಿಸುವುದು ಅವರಿಗೆ ಬರುತ್ತಿರಲಿಲ್ಲ. ಅವಳು ಮೂರು ಸಲ ಕಿತ್ತು ತೋರಿಸಿಕೊಟ್ಟಳು, ನಾಲ್ಕನೆಯ ಸಲ ಸರಿಯಾಯಿತು.

ನಾಲ್ಕೂವರೆಗೆ ಲಾರಿ ಹಾರ್ನ್ ಹೊಡೆಯಿತು. ಅವಳು ಕೊನೆಯ ಜಾಲರಿಯ ಕಟ್ಟುಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ಚೀಲಕ್ಕೆ ಹಾಕುತ್ತಿದ್ದಳು. ಒಂದನ್ನು ಮಾತ್ರ ಪಕ್ಕಕ್ಕಿಟ್ಟಳು.

"ಅದು ಪರವಾಗಿಲ್ಲ ಅಲ್ವಾ?" ಎಂದರು ಸರ್ಜನ್.

"ನೀವೇ ನೋಡಿ."

ಅವರು ಸುತ್ತಲೂ ಕಣ್ಣಾಡಿಸಿ, ಸ್ವಲ್ಪ ನಾಚಿಕೊಂಡು, ಕಟ್ಟನ್ನು ಕೆನ್ನೆಗೆ ಒತ್ತಿದರು. ಆಮೇಲೆ ಅದನ್ನು ತಾವೇ ಪಕ್ಕಕ್ಕಿಟ್ಟರು. ಎಪ್ಪತ್ತೊಂಬತ್ತು ಹೋಯಿತು.

ರಸ್ತೆ ಎರಡು ದಿನ ಮುಚ್ಚಿ ಮೂರನೆಯ ದಿನ ತೆರೆಯಿತು. ಸೂಲಗಿತ್ತಿಯ ಲೆಕ್ಕ ತಪ್ಪಿ ಎಪ್ಪತ್ತೊಂಬತ್ತು ಸಾಕಾಗದಿದ್ದರೆ ಆ ಪಾಪವೂ ತನ್ನ ತಲೆಗೇ ಎಂದು ಗಂಡನ ಮುಂದೆ ಹೇಳಿಕೊಂಡಳು. ಹದಿನಾಲ್ಕು ಹೆರಿಗೆಯಾಯಿತು, ಯಾರಿಗೂ ಜ್ವರವಿಲ್ಲ ಎಂದು ಸೂಲಗಿತ್ತಿಯ ಸುದ್ದಿ ಬಂದಾಗ ಅಡುಗೆಮನೆಯಲ್ಲಿ ಕೂತು ಅತ್ತಳು.

ರಾಜೀನಾಮೆ ಮುಂದಿನ ಸಭೆಗೆ ಬಂತು. ಬೇಡ ಎಂದು ಮೂವರು, ಒಪ್ಪಬೇಕು ಎಂದು ಒಬ್ಬರು ಕೈಯೆತ್ತಿದರು. ಆ ಒಬ್ಬರು ಸಿಮೆಂಟ್ ವ್ಯಾಪಾರಿ. ಮನೆಗೆ ಬರುತ್ತಾ ದಾರಿಯಲ್ಲಿ ಅವಳಿಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಮಗಳು ಮಾತ್ರ ವಾರ ಮಾತಾಡಲಿಲ್ಲ. "ನಾನು ಸುಳ್ಳು ಬರೆದಿರಲಿಲ್ಲಮ್ಮ" ಎಂದು ಕೊನೆಗೆ ಬಂದು ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು. ಬೀಗಿತ್ತಿ ತಿಂಗಳಾದ ಮೇಲೆ ಫೋನ್ ಮಾಡಿದಳು. "ಅಲ್ರೀ, ನಮ್ಮನೆ ಬಾಣಂತಿ ಬಟ್ಟೆ ಎಷ್ಟು ಹೊತ್ತು ಕುದಿಸಬೇಕು?" ಎಂದು ಕೇಳಿದಳು. ಇದಕ್ಕೆ ಡಾಕ್ಟರನ್ನು ಕೇಳಿ ಎನ್ನುವ ಅಗತ್ಯ ಬೀಳಲಿಲ್ಲ.

ಹೊಸ ಪುಸ್ತಕದ ಕರಡು ನೋಡಲು ಬಂದಾಗ ಅವಳು ಕನ್ನಡಕ ಹಾಕಿಕೊಂಡು ಬಾಗಿಲ ಬಳಿ ಬೆಳಕಿಗೆ ಕೂತಳು. ಈಗಲೂ ಅವಳಿಗೆ ಎರಡೇ ಸಾಲು. "ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದವರು. ದೊಡ್ಡಾಸ್ಪತ್ರೆಯ ಹಬೆ ಕೋಣೆಯಲ್ಲಿ ಸುದೀರ್ಘ ಸೇವೆ." ಮಗಳು ಪಕ್ಕದಲ್ಲಿ ನಿಂತು, "ಈಗ ಎಲ್ಲ ಸರಿ ಇದೆಯಲ್ಲಮ್ಮ?" ಎಂದಳು. ಹಬೆಯಕ್ಕ ಪೆನ್ನು ಕೇಳಿ ಇಸಿದುಕೊಂಡಳು. 'ಸೇವೆ'ಯನ್ನು ಹೊಡೆದುಹಾಕಿ, ಅದರ ಮೇಲೆ ತನ್ನ ಸೊಟ್ಟ ಅಕ್ಷರದಲ್ಲಿ 'ಕೆಲಸ' ಎಂದು ಬರೆದಳು.